ಸೋವಿಯ ಕಾಲದ ಹೈಸ್ಕೂಲು: ಕತಗಾಲದ ದಾರಿ, ಕುಮಟೆಯ ಶಾಲೆ

ಉತ್ತರ ಕನ್ನಡ ಜಿಲ್ಲೆಯ ಇತಿಹಾಸವೆಂದ ಕೂಡಲೆ ಬನವಾಸಿಯ ಕದಂಬರೂ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಮಿರ್ಜಾನದ ಕೋಟೆಯೂ ಕಣ್ಣ ಮುಂದೆ ಬಂದು ನಿಲ್ಲುವವು. ಶಾಸನವಿದ್ದ ಕಡೆಗೆ ಇತಿಹಾಸಕಾರನ ದೃಷ್ಟಿಯು ಹರಿಯುವದು ಸಹಜವೇ ಸರಿ. ಆದರೆ ಶಿಲೆಯ ಮೇಲೆ ಕೊರೆಯಲ್ಪಡದೆ, ಶಾಲೆಯ ಹಾಜರಿ ಪಟ್ಟಿಯಲ್ಲಿಯೂ ಫೀ ಸಂದ ಪಾವತಿಯಲ್ಲಿಯೂ ಮಾತ್ರ ತನ್ನ ಗುರುತನ್ನುಳಿಸಿದ ಇನ್ನೊಂದು ಇತಿಹಾಸವೂ ಈ ಜಿಲ್ಲೆಗೆ ಉಂಟು. ಅದು ಇಂಗ್ಲಿಷ್ ಶಾಲೆಗಳದು. ಅದರಲ್ಲಿಯೂ 1929ರಿಂದ ಮುಂದೆ ಸುಮಾರು ಹತ್ತು ವರುಷ, ಜಗತ್ತಿನ ಪೇಟೆಗಳೆಲ್ಲ ಕುಸಿದು ಬಿದ್ದಿದ್ದ ಕಾಲದಲ್ಲಿ, ಕುಮಟೆ, ಹೊನ್ನಾವರ, ಭಟ್ಕಳ ಸೀಮೆಯ ಸಾಮಾನ್ಯ ಗೃಹಸ್ಥರು ತಮ್ಮ ಮಕ್ಕಳನ್ನು ಹೈಸ್ಕೂಲಿಗೆ ಕಳುಹಿದ ಬಗೆಯು ವಿಚಾರಾರ್ಹವಾಗಿದೆ. ಆ ಹುಡುಗರು ಏನು ಓದಿದರೆಂಬುದಕ್ಕಿಂತ ಅವರ ಓದಿನ ವೆಚ್ಚವನ್ನು ಯಾರು ಹೊತ್ತರೆಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು.

ಮೊದಲು ದಾರಿಯ ಮಾತು. ಕುಮಟೆಯಿಂದ ಶಿರಸಿಗೆ ಹೋಗುವ ಹೆದ್ದಾರಿಯು ದೀವಗಿಯ ಹತ್ತಿರ ಕರಾವಳಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿ, ದೇವಿಮನೆ ಘಟ್ಟವನ್ನು ಏರುವ ಮುನ್ನ ಕತಗಾಲವೆಂಬ ಊರನ್ನು ಹಾಯುತ್ತದೆ. ಒಂದು ಕಡೆ ಅಡಿಕೆ ತೋಟ, ಗದ್ದೆ ಬಯಲು. ಇನ್ನೊಂದು ಕಡೆ ಕಾಡು. ಮಳೆಗಾಲದಲ್ಲಿ ದಂಡೆ ಮೀರಿ ರಸ್ತೆಯನ್ನೇ ನುಂಗುವ ಚಂಡಿಕಾ ಹೊಳೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ದಾರಿ ದೇಶಾಂತರದ ವ್ಯಾಪಾರಕ್ಕೆ ಹೆಸರಾಗಿತ್ತು. ಹುಬ್ಬಳ್ಳಿ ಧಾರವಾಡಗಳ ಕಡೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆಯಲ್ಲಿ ಇಳಿದು, ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತಃಕಲಹ ನಡೆದಾಗ ಇಂಗ್ಲೆಂಡಿನ ಗಿರಣಿಗಳು ಹಿಂದುಸ್ಥಾನದ ಹತ್ತಿಗಾಗಿ ಬಾಯ್ದೆರೆದವು. ಆಗ 'ಕುಮಟಾ ಹತ್ತಿ' ಎಂಬ ಜಾತಿಯ ಹೆಸರು ಲಿವರಪೂಲಿನ ಪೇಟೆಯ ವರೆಗೆ ಮುಟ್ಟಿತು. ಹತ್ತಿಯನ್ನು ಬೆಳೆದವರು ಘಟ್ಟದ ಮೇಲಿನವರು. ಹೆಸರು ಮಾತ್ರ ಬಂದರದ್ದು! ಆ ಹತ್ತಿಯ ಕಾಲದಲ್ಲಿಯೇ, 1862ರಲ್ಲಿ, ಈ ಜಿಲ್ಲೆಯು ಮದ್ರಾಸ ಇಲಾಖೆಯಿಂದ ಬಿಡಿಸಲ್ಪಟ್ಟು ಮುಂಬಯಿ ಇಲಾಖೆಗೆ ಸೇರಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮುರಗೋವಾ ಬಂದರದ ವರೆಗೆ ರೇಲು ಓಡತೊಡಗಲು ಹತ್ತಿಯ ಗಾಡಿಗಳು ನಿಂತವು. ಕುಮಟೆಯ ಸಿರಿ ಇಳಿಯಿತು. ವ್ಯಾಪಾರ ಹೋದ ಮೇಲೆ ಆ ಊರಿಗೆ ಉಳಿದದ್ದು ಕಚೇರಿ, ಪೇಟೆ, ಶಾಲೆ. ಹತ್ತಿ ಇಳಿದ ದಾರಿಯಲ್ಲಿ ಮುಂದೆ ಇಳಿದವರು ತಲೆಯ ಮೇಲೆ ಟ್ರಂಕು ಹೊತ್ತ ವಿದ್ಯಾರ್ಥಿಗಳು.

1930ರ ದಶಕದಲ್ಲಿ ಕುಮಟೆಯ ಗಿಬ್ ಹೈಸ್ಕೂಲು ಜಿಲ್ಲೆಯ ದಕ್ಷಿಣ ಭಾಗದ ಮುಖ್ಯ ಇಂಗ್ಲಿಷ್ ಶಾಲೆಗಳಲ್ಲಿ ಒಂದಾಗಿದ್ದಿತು. ಆಂಗ್ಲನೊಬ್ಬನ ಹೆಸರನ್ನು ಹೊತ್ತಿದ್ದರೂ ಜನರ ಬಾಯಲ್ಲಿ ಅದು 'ಗಿಬ್ಬಿನ ಶಾಲೆ'. ಕತಗಾಲದಿಂದ ಅಲ್ಲಿಗೆ ದಿನವೂ ನಡೆದು ಹೋಗಿ ಬರುವದು ಬೆಳೆಯುವ ಹುಡುಗನಿಂದಾಗದ ಮಾತು. ಗೋಕರ್ಣ, ಬಂಕಿಕೊಡ್ಲ, ಹನೇಹಳ್ಳಿಗಳ ಹುಡುಗರಿಗೆ ದಾರಿಯ ನಡುವೆ ಅಘನಾಶಿನಿಯ ಹಿನ್ನೀರು. ತದಡಿಯಲ್ಲಿ ತಾರಿ ದೋಣಿಯನ್ನು ಕಾಯಬೇಕು, ಗಾಳಿ ಎದ್ದ ದಿನ ದಂಡೆಯಲ್ಲಿಯೇ ಕೂಡ್ರಬೇಕು. ಆದಕಾರಣ ಹಳ್ಳಿಯ ವಿದ್ಯಾರ್ಥಿಗೆ ಇಂಗ್ಲಿಷ್ ಓದುವದೆಂದರೆ ಮನೆಯನ್ನು ಬಿಡುವದೆಂದೇ ಅರ್ಥವಾಗಿತ್ತು. ಹನ್ನೊಂದು ಹನ್ನೆರಡು ವರುಷದ ಮಗುವನ್ನು ಪೇಟೆಯಲ್ಲಿ ಬಿಟ್ಟು ಬರುವ ತಂದೆಯ ಮುಂದೆ ಎರಡು ಪ್ರಶ್ನೆಗಳಿದ್ದವು: ಫೀ ಎಲ್ಲಿಂದ, ಅನ್ನ ಎಲ್ಲಿ.

ಫೀಯ ಪ್ರಶ್ನೆಯನ್ನು ತಿಳಿಯಲು ಆ ಕಾಲದ ಧಾರಣೆಯನ್ನು ತಿಳಿಯಬೇಕು. ಹಿರಿಯರು ಆ ದಶಕವನ್ನು ನೆನೆಯುವಾಗ 'ಸೋವಿಯ ಕಾಲ' ಎಂದು ಬಾಯಿ ಚಪ್ಪರಿಸುತ್ತಿದ್ದರು. ರೂಪಾಯಿಗೆ ಅಷ್ಟು ಅಕ್ಕಿ, ಆಣೆಗೆ ಇಷ್ಟು ಬೆಲ್ಲ ಎಂಬ ಲೆಕ್ಕವನ್ನು ಕೇಳಿದ ಮೊಮ್ಮಕ್ಕಳು ಅದೊಂದು ಸತ್ಯಯುಗವೆಂದು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಸೋವಿಯೆಂಬುದು ಕೊಳ್ಳುವವನ ಮಾತು. ಮಾರುವವನಿಗೆ ಅದೇ ದುರ್ಭಿಕ್ಷ. 1929ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಶೇರು ಪೇಟೆ ಬಿದ್ದ ಸುದ್ದಿ ಕತಗಾಲದ ಜಗಲಿಗೆ ಮುಟ್ಟಿತೋ ಇಲ್ಲವೋ, ಅದರ ಪರಿಣಾಮವಂತೂ ಮುಂದಿನ ಸುಗ್ಗಿಗೆ ಸರಿಯಾಗಿ ಮುಟ್ಟಿತು. ಹಿಂದುಸ್ಥಾನದಲ್ಲಿ ಧಾನ್ಯದ ಧಾರಣೆಯು ಎರಡು ಮೂರು ವರುಷಗಳಲ್ಲಿ ಅರ್ಧದ ಸಮೀಪಕ್ಕೆ ಇಳಿಯಿತು. ಬರ್ಮಾದ ಅಕ್ಕಿ ಅಗ್ಗವಾಗಿ ಬಂದರಗಳಿಗೆ ಬಂದಿಳಿಯಿತು. ಅಡಿಕೆ, ತೆಂಗು, ಮೆಣಸುಗಳಿಗೂ ಅದೇ ಗತಿ. ಆದರೆ ಸರಕಾರದ ತೀರ್ವೆ, ಸಾವಕಾರನ ಬಡ್ಡಿ, ಶಾಲೆಯ ಫೀ ಈ ಮೂರೂ ನಾಣ್ಯದಲ್ಲಿ ಗೊತ್ತಾದವುಗಳು. ಅವು ಇಳಿಯಲಿಲ್ಲ. ಒಂದು ಮುಡಿ ಅಕ್ಕಿಯನ್ನು ಮಾರಿ ಒಂದು ತಿಂಗಳ ಫೀ ತೀರಿಸುತ್ತಿದ್ದ ಮನೆಯಿತ್ತೆಂದು ಹಿಡಿದರೆ, ಧಾರಣೆ ಅರ್ಧವಾದಾಗ ಅದೇ ಫೀಗೆ ಎರಡು ಮುಡಿ ಬೇಕಾಯಿತು. ಶಾಲೆಯವರು ಒಂದು ಪೈಯನ್ನೂ ಹೆಚ್ಚಿಸಲಿಲ್ಲ. ಆದರೂ ಫೀ ಇಮ್ಮಡಿಯಾಯಿತು. ಅರ್ಥಶಾಸ್ತ್ರದ ಈ ಸೂತ್ರವನ್ನು ಯಾವ ಗ್ರಂಥವನ್ನೂ ಓದದ ಹೆಂಗಸರು ಅಕ್ಕಿ ಅಳೆಯುವ ಸಿದ್ದೆಯಿಂದಲೇ ಅರಿತುಕೊಂಡರು.

ಇಂಥ ಸಂಕಟದಲ್ಲಿ ಮನೆಗಳಿಗೆ ಒದಗಿದ್ದು ಬಂಗಾರ. 1931ರ ಸಪ್ಟೆಂಬರದಲ್ಲಿ ಇಂಗ್ಲೆಂಡು ಸುವರ್ಣ ಪರಿಮಾಣವನ್ನು ಕೈಬಿಟ್ಟಿತು. ಒಂದು ಶಿಲಿಂಗು ಆರು ಪೆನ್ಸಿನ ದರದಲ್ಲಿ 1927ರಿಂದ ಕಟ್ಟುಬಿದ್ದಿದ್ದ ರೂಪಾಯಿಯೂ ಸ್ಟರ್ಲಿಂಗಿನೊಡನೆ ಇಳಿಯಿತು. ಅದಕ್ಕೆ ಮುಂಚೆ ತೊಲೆಗೆ ಇಪ್ಪತ್ತೊಂದು ಇಪ್ಪತ್ತೆರಡು ರೂಪಾಯಿಯಿದ್ದ ಬಂಗಾರವು ಕೆಲವೇ ತಿಂಗಳುಗಳಲ್ಲಿ 30 ರೂಪಾಯಿಯ ಸುತ್ತಮುತ್ತ ಬಂದಿತು. ಬೆಳೆದದ್ದಕ್ಕೆಲ್ಲ ಬೆಲೆಯಿಲ್ಲದ ಕಾಲದಲ್ಲಿ ಪೆಟ್ಟಿಗೆಯ ತಳದಲ್ಲಿದ್ದುದಕ್ಕೆ ಮಾತ್ರ ಬೆಲೆ ಬಂದಿತು! ಹಳ್ಳಿಹಳ್ಳಿಯ ಬಂಗಾರವು ಸೊನಗಾರರ ಕೈಯಿಂದ ಪೇಟೆಗೂ, ಪೇಟೆಯಿಂದ ಮುಂಬಯಿಗೂ, ಅಲ್ಲಿಂದ ಹಡಗದಲ್ಲಿ ಲಂಡನ್ನಿಗೂ ಹೋಯಿತು. ಅದರ ಮೊತ್ತವನ್ನು ಕಂಡ ಸರಕಾರಿ ಅರ್ಥಸಚಿವರು ಇದು ಪ್ರಜೆಗಳ ಲಾಭವೆಂದು ವಾದಿಸಿದರು. ದೇಶದ ಮುಖಂಡರು ಇದು ಹೊಟ್ಟೆಗಿಲ್ಲದವರ ಮಾರಾಟವೆಂದರು. ಈ ವಾದದಲ್ಲಿ ಶಾಲೆಯ ಮಾತು ಎಲ್ಲಿಯೂ ಬರುವದಿಲ್ಲ. ಆದರೆ ತಾಯಿಯ ಕೈಬಳೆಯೋ ಅಜ್ಜಿಯ ಗುಂಡಿನ ಸರವೋ ಮೆಟ್ರಿಕ್ಯುಲೇಶನ್ ಫೀಯಾಗಿ ಮಾರ್ಪಟ್ಟ ಮನೆಗಳು ಕರಾವಳಿಯಲ್ಲಿ ವಿರಳವಲ್ಲ. ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲನ್ನು ತುಳಿಯುವದು ಅಪರೂಪವಾಗಿದ್ದ ಆ ಕಾಲದಲ್ಲಿ ಹೆಂಗಸರ ಸ್ತ್ರೀಧನದಿಂದ ಗಂಡುಮಕ್ಕಳ ವಿದ್ಯೆ ನಡೆಯಿತೆಂಬುದನ್ನು ಜಿಲ್ಲೆಯ ಶಿಕ್ಷಣದ ಚರಿತ್ರೆಯಲ್ಲಿ ಬರೆದಿಡುವದು ನ್ಯಾಯ.

ಅಂದಿನ ಶಾಲಾಕ್ರಮವು ಈಗಿನ ವಾಚಕರಿಗೆ ಅಪರಿಚಿತವಾಗಿರುವದರಿಂದ ಎರಡು ಮಾತು. ಮುಂಬಯಿ ಇಲಾಖೆಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆಯಾದ ಮೇಲೆ ದಾರಿ ಕವಲೊಡೆಯುತ್ತಿತ್ತು. ಕನ್ನಡ ಶಾಲೆಯಲ್ಲಿಯೇ ಏಳನೆಯ ವರೆಗೆ ಓದಿ ಮುಲ್ಕಿ ಪರೀಕ್ಷೆಗೆ ಕೂತು, ತೇರ್ಗಡೆಯಾದರೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಗೋ ಶಾನಭಾಗಿಕೆಗೋ ಹೋಗುವದು ಒಂದು. ಇಂಗ್ಲಿಷ್ ಒಂದನೆಯ ಇಯತ್ತೆಗೆ ಸೇರಿ ಏಳು ವರುಷ ಓದಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕೂಡ್ರುವದು ಇನ್ನೊಂದು. 1923ರ ಕಾಯದೆಯ ಮೇರೆಗೆ ಪ್ರಾಥಮಿಕ ಶಾಲೆಗಳು ಲೋಕಲ್ ಬೋರ್ಡುಗಳ ಕೈಗೆ ಬಂದಿದ್ದವು. ಹೈಸ್ಕೂಲುಗಳಾದರೋ ಬಹುಮಟ್ಟಿಗೆ ಸ್ಥಳಿಕ ಮಂಡಲಗಳ ಉದ್ಯೋಗ. ವರ್ಗಣಿ, ಫೀ, ಸರಕಾರದ ಅನುದಾನ ಈ ಮೂರರ ಮೇಲೆ ಅವುಗಳ ಜೀವ.

ಇನ್ನು ಅನ್ನದ ಪ್ರಶ್ನೆ. ಇದಕ್ಕೆ ಆ ಕಾಲವು ಕಂಡುಕೊಂಡ ಉತ್ತರ ವಾರಾನ್ನ. ಏಳು ದಿನಕ್ಕೆ ಏಳು ಮನೆ. ಸೋಮವಾರ ವಕೀಲರಲ್ಲಿ, ಮಂಗಳವಾರ ಅಂಗಡಿಕಾರರಲ್ಲಿ, ಬುಧವಾರ ದೂರದ ಸೋದರತ್ತೆಯಲ್ಲಿ ಎಂಬಂತೆ ಹುಡುಗನು ಊಟ ಮಾಡಿ ಬರುವ ಈ ಪದ್ಧತಿ ಇಂಗ್ಲಿಷ್ ಶಾಲೆಯೊಡನೆ ಹುಟ್ಟಿದ್ದಲ್ಲ. ಅದು ಪಾಠಶಾಲೆಗಳ ಬ್ರಹ್ಮಚಾರಿಯ ಭಿಕ್ಷಾಚರ್ಯದ ರೂಪಾಂತರ. ಗೋಕರ್ಣದಂಥ ಕ್ಷೇತ್ರದಲ್ಲಿ ವೇದಾಧ್ಯಯನಕ್ಕೆ ಬಂದ ವಟುವಿಗೆ ಅನ್ನ ಹಾಕುವದು ಗೃಹಸ್ಥನ ಧರ್ಮವಾಗಿತ್ತು. ಅದೇ ಧರ್ಮವು ಯಾವ ಶಾಸ್ತ್ರಾರ್ಥವನ್ನೂ ಮಾಡದೆ ಆಲ್ಜೀಬ್ರಾ ಕಲಿಯುವ ಹುಡುಗನಿಗೂ ಅನ್ವಯಿಸಿತು. ಹಳೆಯ ಪುಣ್ಯಕಾರ್ಯವೊಂದು ಹೊಸ ವಿದ್ಯೆಯ ಭಾರವನ್ನು ಇಷ್ಟು ಮೌನವಾಗಿ ಹೊತ್ತ ಉದಾಹರಣೆ ನಮ್ಮ ಸಾಮಾಜಿಕ ಇತಿಹಾಸದಲ್ಲಿ ಹೆಚ್ಚಿಲ್ಲ. ಅಗ್ಗದ ಅಕ್ಕಿಯೂ ಇದಕ್ಕೆ ನೆರವಾಯಿತೆನ್ನಬೇಕು. ನಾಣ್ಯವಿಲ್ಲದಿದ್ದರೂ ಅನ್ನವಿದ್ದ ಮನೆಗಳು ಕೊಡಬಹುದಾದದ್ದನ್ನು ಕೊಟ್ಟವು.

ವಾರಾನ್ನವನ್ನು ಹೊಗಳುವವರು ಅದನ್ನು ಉಣಬಡಿಸಿದವರ ಕಡೆಯಿಂದ ಹೊಗಳುವದೇ ಹೆಚ್ಚು. ಉಂಡವರ ಕಡೆಯಿಂದ ನೋಡಿದರೆ ಅದರ ಇನ್ನೊಂದು ಮುಖ ಕಾಣುವದು. ಯಾರ ಮನೆಯಲ್ಲಿ ಯಾವ ಹೊತ್ತಿಗೆ ಎಲೆ ಹಾಕುವರೆಂಬುದನ್ನು ಹುಡುಗನು ಪಾಠಕ್ಕಿಂತ ಮೊದಲು ಕಲಿಯಬೇಕಾಗುತ್ತಿತ್ತು. ಮನೆಯಲ್ಲಿ ಮೈಲಿಗೆಯೋ ಸೂತಕವೋ ಬಂದರೆ, ಯಜಮಾನ್ತಿ ತವರಿಗೆ ಹೋದರೆ, ಆ ವಾರ ಖಾಲಿ. ಕೊಡದ ಮನೆಯನ್ನು ಆಡಿಕೊಳ್ಳುವಂತಿಲ್ಲ, ಕೊಟ್ಟ ಮನೆಯಲ್ಲಿ ಎರಡನೆಯ ಸಲ ಸಾರು ಕೇಳುವಂತಿಲ್ಲ. ಬಾವಿಯಿಂದ ನೀರು ಸೇದುವದು, ಚಿಕ್ಕ ಮಕ್ಕಳಿಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸುವದು, ಅಂಗಡಿಯ ಲೆಕ್ಕ ಬರೆಯುವದು, ಇವು ಹೇಳದೆ ಮಾಡುವ ಕೆಲಸಗಳಾಗಿದ್ದವು. ಊಟಕ್ಕೆ ಬಂದ ಹುಡುಗನನ್ನು ಮನೆಯ ಮಗನಂತೆ ಕಂಡು, ಪರೀಕ್ಷೆಯ ದಿನ ಮೊಸರು ಸಕ್ಕರೆ ಕೊಟ್ಟು ಕಳುಹಿದ ತಾಯಂದಿರೂ ಇದ್ದರು. ಬಡಿಸುವಾಗ ಹುಡುಗನ ಹಸಿವನ್ನು ಲೆಕ್ಕ ಹಾಕಿದವರೂ ಇದ್ದರು. ಎರಡನ್ನೂ ಹೇಳುವದೇ ಇತಿಹಾಸ.

ಇದಕ್ಕಿಂತಲೂ ದೊಡ್ಡದಾದ ಮಿತಿಯೊಂದಿದ್ದಿತು. ವಾರಾನ್ನವು ಜಾತಿಯ ಅಡಿಗೆಮನೆಯನ್ನು ದಾಟಿ ಹೋಗುತ್ತಿರಲಿಲ್ಲ. ಹವ್ಯಕರ ಹುಡುಗನಿಗೆ ಹವ್ಯಕರ ಮನೆ, ಸಾರಸ್ವತರ ಹುಡುಗನಿಗೆ ಸಾರಸ್ವತರ ಮನೆ. ಪೇಟೆಯಲ್ಲಿ ತಮ್ಮವರ ಜಗಲಿಗಳಿಲ್ಲದ ನಾಮಧಾರಿ, ಹಾಲಕ್ಕಿ, ಅಂಬಿಗ, ಮೊಗೇರ ಸಮಾಜಗಳ ಹುಡುಗರಿಗೆ ಈ ಪುಣ್ಯದ ಬಾಗಿಲು ತೆರೆದಿರಲಿಲ್ಲ. ಅವರಲ್ಲಿ ಓದುವ ಹಟವಿದ್ದವನು ಅಂಗಡಿಯಲ್ಲಿ ಕೆಲಸಕ್ಕೆ ನಿಂತೋ, ಪರಿಚಯದವರ ಹಿತ್ತಿಲ ಕೊಟ್ಟಿಗೆಯಲ್ಲಿ ಗಂಜಿ ಬೇಯಿಸಿಕೊಂಡೋ ದಿನ ಕಳೆಯಬೇಕಾಗಿತ್ತು. ಅಸ್ಪೃಶ್ಯರೆನ್ನಿಸಿಕೊಂಡವರ ಸ್ಥಿತಿ ಇನ್ನೂ ಕಠಿಣ. ಸಾರ್ವಜನಿಕ ಹಣದಿಂದ ನಡೆಯುವ ಶಾಲೆ, ಬಾವಿ, ಧರ್ಮಶಾಲೆಗಳು ಎಲ್ಲರಿಗೂ ತೆರೆದಿರತಕ್ಕದ್ದೆಂದು ಮುಂಬಯಿ ಕಾಯದೆ ಕೌನ್ಸಿಲು 1923ರಲ್ಲಿಯೇ ಬೋಳೆಯವರ ಠರಾವನ್ನು ಮಂಜೂರು ಮಾಡಿದ್ದಿತು. ಆದರೆ ಠರಾವಿನಿಂದ ಶಾಲೆಯ ಬಾಗಿಲು ತೆರೆದೀತೇ ಹೊರತು ಊಟದ ಎಲೆ ಬೀಳದು. 1934ರ ಫೆಬ್ರುವರಿಯ ಕೊನೆಯಲ್ಲಿ ಮಹಾತ್ಮಾ ಗಾಂಧಿಯವರು ತಮ್ಮ ಹರಿಜನ ಯಾತ್ರೆಯಲ್ಲಿ ಕಾರವಾರ, ಅಂಕೋಲೆ, ಕುಮಟೆ, ಶಿರಸಿಗಳಿಗೆ ಬಂದು ನಿಧಿ ಕೂಡಿಸಿದಾಗ ಜನರು ಬಳೆ ಉಂಗುರಗಳನ್ನು ಬಿಚ್ಚಿ ಕೊಟ್ಟರು. ತಮ್ಮ ಪಂಕ್ತಿಯಲ್ಲಿ ಒಂದು ಎಲೆಯನ್ನು ಹೆಚ್ಚಿಗೆ ಹಾಕುವದು ಬಂಗಾರ ಕೊಡುವದಕ್ಕಿಂತ ಕಷ್ಟವೆಂದು ಕಂಡಿರಬೇಕು. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆಯು ನವಾಯತ ಮುಸಲ್ಮಾನರ ಮಕ್ಕಳಿಗೆ ತಮ್ಮದೇ ಶಾಲೆಯನ್ನು ಒದಗಿಸಿದ್ದಕ್ಕೆ ಇಂಥ ಪರಿಸ್ಥಿತಿಯೂ ಒಂದು ಕಾರಣವೆಂದು ಊಹಿಸಬಹುದು.

ವಿದ್ಯಾರ್ಥಿಯ ದಿನಚರಿಯನ್ನು ನೋಡೋಣ. ಬಾಡಿಗೆಯ ಕೋಣೆಯೊಂದರಲ್ಲಿ ಮೂವರು ನಾಲ್ವರು. ಒಬ್ಬೊಬ್ಬರಿಗೆ ಒಂದು ಚಾಪೆ, ಒಂದು ಕಂಬಳಿ, ತಗಡಿನ ಟ್ರಂಕು. ನಡುವೆ ಒಂದೇ ಕಂದೀಲು. ಘಾಸಲೇಟಿನ ಖರ್ಚನ್ನು ಪಾಳಿಯ ಮೇಲೆ ಹಂಚಿಕೊಳ್ಳುವದು. ಗ್ಲಾಸು ಕಪ್ಪುಹಿಡಿದರೆ ಬೂದಿಯಿಂದ ತಿಕ್ಕುವ ಸರದಿ ಯಾರದೆಂಬ ಜಗಳ. ಪುಸ್ತಕಗಳು ಹೆಚ್ಚಾಗಿ ಹಳೆಯವು. ಮುಂದಿನ ಇಯತ್ತೆಗೆ ಹೋದವನಿಂದ ಅರ್ಧ ಬೆಲೆಗೆ ಕೊಂಡು, ವರುಷದ ಕೊನೆಗೆ ಕಾಲು ಬೆಲೆಗೆ ಮಾರುವದು. ಉಡುಪೆಂದರೆ ಮೊಳಕಾಲು ಮುಚ್ಚುವ ಪಂಚೆ, ಅಂಗಿ, ತಲೆಗೆ ಕರೇ ಟೋಪಿ. ಮೇಲಿನ ಇಯತ್ತೆಗಳಲ್ಲಿ ಅನುಕೂಲವಂತರಿಗೆ ಕೋಟು. ಚಪ್ಪಲಿ ಸಕಲರಿಗೂ ಇರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿದೊಡನೆ ಘಟ್ಟದ ಕೆಳಗಿನ ಹುಡುಗರು ಗುಂಪು ಕಟ್ಟಿ ಊರಿಗೆ ನಡೆಯುತ್ತಿದ್ದರು. ರವಿವಾರ ಸಂಜೆಗೆ ಅಕ್ಕಿ, ಕೊಬ್ಬರಿ ಎಣ್ಣೆ, ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಹೊತ್ತು ಮರಳುತ್ತಿದ್ದರು. ಆಷಾಢ ಶ್ರಾವಣಗಳಲ್ಲಿ ಚಂಡಿಕಾ ಹೊಳೆ ಏರಿದರೆ ಕತಗಾಲದ ಹುಡುಗ ಊರಿನಲ್ಲಿಯೇ ಉಳಿದ. ಸೋಮವಾರದ ಗೈರುಹಾಜರಿಗೆ 'ಹೊಳೆ ಬಂದಿತ್ತು' ಎಂಬ ಕಾರಣವನ್ನು ಮಾಸ್ತರರು ವಾದವಿಲ್ಲದೆ ಒಪ್ಪುತ್ತಿದ್ದರು.

ಹೊಳೆಗಿಂತಲೂ ಕ್ರೂರವಾದದ್ದು ಚಳಿಜ್ವರ. ಘಟ್ಟದ ಬುಡದ ಊರುಗಳಲ್ಲಿಯೂ ಶಿರಸಿ ಸಿದ್ದಾಪುರಗಳಲ್ಲಿಯೂ ಮಲೇರಿಯಾ ಮನೆಯ ನೆಂಟನಂತಿದ್ದಿತು. ಅದರ ದೆಸೆಯಿಂದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಜನಸಂಖ್ಯೆಯೇ ಕುಂದಿದ್ದುದುಂಟು. ರಜೆಗೆ ಹೋದ ಹುಡುಗ ಡೊಳ್ಳುಹೊಟ್ಟೆ, ಹಳದಿ ಕಣ್ಣು ಹೊತ್ತು ಬರುತ್ತಿದ್ದ. ಕ್ವಿನೈನಿನ ಕಹಿಯಿಂದ ಕಿವಿ ಗುಂಯ್‌ಗುಡುತ್ತಿರುವಾಗ ಜಾಮಿತಿಯ ಪ್ರಮೇಯಗಳನ್ನು ಬಾಯಿಪಾಠ ಮಾಡುತ್ತಿದ್ದ. ಡಾಕ್ಟರ್ ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಕಾನಡಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕೆಲಸ ನಡೆದದ್ದು 1940ರ ದಶಕದ ನಡುವಿನಲ್ಲಿ. ಈ ಲೇಖನದ ಹುಡುಗರಿಗೆ ಅದು ತಡವಾಗಿ ಬಂದಿತು. ನಪಾಸಾದವರನ್ನು ದಡ್ಡರೆಂದು ಕರೆದ ಮಾಸ್ತರರಲ್ಲಿ ಎಷ್ಟು ಜನ ಆ ಹುಡುಗರ ಗುಲ್ಮವನ್ನು ಮುಟ್ಟಿ ನೋಡಿದ್ದರೋ!

ಅಧ್ಯಾಪಕ ವರ್ಗವೂ ಆ ದಶಕದ ಬಿಸಿಯಿಂದ ಪಾರಾಗಲಿಲ್ಲ. 1931ರ ಕೊನೆಯಲ್ಲಿ ಸರಕಾರವು ತನ್ನ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತರಂತೆ ಕಡಿತ ಮಾಡಿತು. ಅದನ್ನು ಪೂರ್ಣವಾಗಿ ತೆಗೆದುಹಾಕಲು 1935ರ ವರೆಗೆ ಕಾಯಬೇಕಾಯಿತು. ಮಿತವ್ಯಯದ ಆ ಗಾಳಿಯಲ್ಲಿ ಖಾಸಗಿ ಶಾಲೆಗಳ ಅನುದಾನಕ್ಕೂ ಕತ್ತರಿ ಬಿದ್ದಿತು. ಫೀ ಬರಲಿಲ್ಲ, ಅನುದಾನ ಇಳಿಯಿತು. ಮಂಡಲದ ಕಾರ್ಯದರ್ಶಿಗಳು ವರ್ಗಣಿಗಾಗಿ ಅಂಗಡಿ ಅಂಗಡಿ ತಿರುಗಿದರು. ಹೀಗಿದ್ದರೂ ಬಡ ಹುಡುಗರಿಗೆ ನಾದಾರಿ ಕೊಡುವದನ್ನು ಶಾಲೆಗಳು ನಿಲ್ಲಿಸಲಿಲ್ಲ. ಅದಕ್ಕಾಗಿ ತಂದೆಯು ಬಡತನದ ದಾಖಲೆಯನ್ನು ತರಬೇಕು, ಹುಡುಗನು ಪರೀಕ್ಷೆಯಲ್ಲಿ ಹಿಂದೆ ಬೀಳಬಾರದು. ಬಡವನಾಗಿರುವದರ ಜತೆಗೆ ಜಾಣನೂ ಆಗಿರಬೇಕೆಂಬ ಈ ಷರತ್ತು ಅನುಕೂಲವಂತರ ಮಕ್ಕಳಿಗೆ ಇರಲಿಲ್ಲವೆಂಬುದನ್ನು ಗಮನಿಸಬೇಕು.

ಮಾಸ್ತರರಲ್ಲಿಯೂ ಪಂಕ್ತಿಭೇದವುಂಟು. ಹೆಡ್‌ಮಾಸ್ತರರು ಬಿ.ಎ., ಬಿ.ಟಿ.; ಮುಂಬಯಿಯ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಬಂದವರು. ಕೆಳಗಿನವರು ಎಸ್.ಟಿ.ಸಿ. ಪರೀಕ್ಷೆ ಕೊಟ್ಟವರು. ಡ್ರಿಲ್ ಮಾಸ್ತರರು ಹಲವೆಡೆ ಪಲ್ಟಣದಿಂದ ಪೆನ್ಶನ್ನಾಗಿ ಬಂದವರು. ಚಿತ್ರಕಲೆಯ ಮಾಸ್ತರರು ಮುಂಬಯಿಯ ಜೆ.ಜೆ. ಕಲಾಶಾಲೆಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಿಗೆ ಹುಡುಗರನ್ನು ಅಣಿಮಾಡುವವರು. ಇವರೆಲ್ಲರ ನಡುವೆ ರುಮಾಲು, ಉಪರಣೆ, ಹಣೆಯ ಗಂಧದೊಡನೆ ಒಬ್ಬ ಶಾಸ್ತ್ರಿಗಳು. ಪದವಿಯಿಲ್ಲದ ಅವರ ಸಂಬಳ ಕಡಿಮೆ, ವಿದ್ವತ್ತು ಹೆಚ್ಚು. ಹುಡುಗರ ಕಿಡಿಗೇಡಿತನಕ್ಕೆ ಸುಲಭವಾದ ಗುರಿ.

ಈ ಶಾಸ್ತ್ರಿಗಳ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವದು ಅಪ್ರಸ್ತುತವಾಗಲಾರದು. ಪಾಠಶಾಲೆಯಲ್ಲಿ ಸಂಸ್ಕೃತವು ಕಿವಿಯಿಂದ ಬರುತ್ತಿತ್ತು. ಶಬ್ದಮಂಜರಿ, ಅಮರಕೋಶಗಳು ಮೊದಲು ಬಾಯಿಗೆ, ಅರ್ಥವು ಬಳಿಕ ಬುದ್ಧಿಗೆ. ಹೈಸ್ಕೂಲಿನಲ್ಲಿ ಅದು ಕಣ್ಣಿನಿಂದ ಬಂದಿತು. ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ಮಾರ್ಗೋಪದೇಶಿಕೆ, ಅದರ ಮುಂದಿನ ಮಂದಿರಾಂತಃಪ್ರವೇಶಿಕೆ ಈ ಎರಡು ಪುಸ್ತಕಗಳ ಮೇಲೆ ಇಡೀ ಇಲಾಖೆಯ ಸಂಸ್ಕೃತವು ನಿಂತಿತ್ತು. ಪಾಠಕ್ಕೊಂದು ನಿಯಮ, ನಿಯಮಕ್ಕೆ ಹತ್ತು ವಾಕ್ಯ, ಇಂಗ್ಲಿಷಿನಿಂದ ಸಂಸ್ಕೃತಕ್ಕೆ, ಸಂಸ್ಕೃತದಿಂದ ಇಂಗ್ಲಿಷಿಗೆ. ಪಾಣಿನಿಯ ಸೂತ್ರವನ್ನು ಸ್ವರದೊಡನೆ ಕಲಿತ ಶಾಸ್ತ್ರಿಗೆ ಇಂಗ್ಲಿಷಿನ ಮೂಲಕ ದೇವಭಾಷೆಯನ್ನು ಕಲಿಸುವ ಪ್ರಸಂಗ! ಹಲವರು ಅದಕ್ಕಾಗಿಯೇ ನಡುವಯಸ್ಸಿನಲ್ಲಿ ಇಂಗ್ಲಿಷ್ ಕಲಿತರು. ಭಾಂಡಾರಕರರ ಕ್ರಮವು ಶಾಸ್ತ್ರೀಯವಾದದ್ದು, ಪರೀಕ್ಷೆಗೆ ಯೋಗ್ಯವಾದದ್ದು. ಎರಡು ವರುಷದಲ್ಲಿ ಅದು ಕೊಡುವ ಅನ್ವಯಶಕ್ತಿಯನ್ನು ಪಾಠಶಾಲೆಯು ಐದು ವರುಷದಲ್ಲಿಯೂ ಕೊಡದಿದ್ದುದುಂಟು. ಆದರೆ ಮೆಟ್ರಿಕ್ ಮುಗಿದ ಹತ್ತು ವರುಷಗಳ ಮೇಲೆ ಹುಡುಗನ ನಾಲಗೆಯಲ್ಲಿ ಉಳಿದದ್ದು ಪುಸ್ತಕದ ವಾಕ್ಯಗಳಲ್ಲ. ಶಾಸ್ತ್ರಿಗಳು ಗಂಟೆ ಹೊಡೆಯಲು ಐದು ನಿಮಿಷವಿರುವಾಗ ಪುಸ್ತಕ ಮುಚ್ಚಿ ರಾಗವಾಗಿ ಹೇಳಿಸಿದ ರಘುವಂಶದ ಶ್ಲೋಕಗಳು. ಮೆಟ್ರಿಕ್ಯುಲೇಶನ್ನಿನಲ್ಲಿ ಸಂಸ್ಕೃತಕ್ಕೆ ಅತ್ಯಂತ ಹೆಚ್ಚು ಗುಣ ಪಡೆದವರಿಗೆ ಮೀಸಲಾದ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವು ಶಾಸ್ತ್ರಿಗಳ ಕನಸಿನ ಫಲ. ಅದು ದೊರೆತವನ ಕೀರ್ತಿಯಲ್ಲಿ ಪಾಲು ಕೇಳಲು ಮಾತ್ರ ಅವರಿಗೆ ಸಂಕೋಚ.

ಭಾಷೆಗಳ ಮಾತು ಬಂದಿರುವದರಿಂದ ಇದನ್ನೂ ಹೇಳಬೇಕು. ಒಂದೇ ಬೆಂಚಿನ ಮೇಲೆ ಕೂತ ನಾಲ್ಕು ಹುಡುಗರಿಗೆ ನಾಲ್ಕು ಮನೆಮಾತುಗಳಿರುತ್ತಿದ್ದವು: ಕೊಂಕಣಿ, ಹವಿಗನ್ನಡ, ನಾಮಧಾರಿಗಳ ಕನ್ನಡ, ನವಾಯತರ ಮಾತು. ಪಾಠ ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ಕನ್ನಡದ ಜತೆಗೆ ಮರಾಠಿಯ ಶಬ್ದಗಳು. ವ್ಯಾಕರಣಕ್ಕೆ ಆ ದಶಕದ ನಡುವಿನಲ್ಲಿ ರೆನ್ ಮತ್ತು ಮಾರ್ಟಿನ್ ಎಂಬವರ ಪುಸ್ತಕ ಬಂದಿತು. ಆ ರೆನ್ ಸಾಹೇಬರು ಮುಂಬಯಿ ವಿದ್ಯಾಖಾತೆಯಲ್ಲಿದ್ದವರೇ, ಸಾಹಸದ ಕಾದಂಬರಿಗಳನ್ನು ಬರೆದು ಲೋಕಪ್ರಸಿದ್ಧರಾದವರು. ಇಷ್ಟರ ನಡುವೆ ಕನ್ನಡವು ವಾರಕ್ಕೆ ಕೆಲವು ತಾಸುಗಳ ವಿಷಯವಾಗಿ ಉಳಿದಿತ್ತು. 1931ರಲ್ಲಿ ಕಾರವಾರದಲ್ಲಿ ಮುಳಿಯ ತಿಮ್ಮಪ್ಪಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಲನ ಸೇರಿದ್ದು ಜಿಲ್ಲೆಯ ಶಾಲೆಗಳಿಗೆ ದೊಡ್ಡ ಉಪಕಾರ. ಹೈಸ್ಕೂಲಿನ ಹುಡುಗರಲ್ಲಿ ಕೈಬರಹದ ಮಾಸಿಕಗಳ ಹುಚ್ಚು ಹರಡಿದ ಕಾಲವಿದು.

ಶಾಲೆಯ ಗೋಡೆಯ ಹೊರಗೆ ಆಗ ಬೇರೊಂದು ಪಾಠ ನಡೆದಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯದೆ ಮುರಿಯಲ್ಪಟ್ಟಿತು. ಮುಂದೆ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕರ ನಿರಾಕರಿಸಿ ಜಮೀನು, ದನಕರು, ಪಾತ್ರೆ ಪದಾರ್ಥಗಳನ್ನು ಜಪ್ತಿಗೆ ಒಪ್ಪಿಸಿದರು. ಜಪ್ತಿಯಾದ ಮನೆಯ ಹುಡುಗನಿಗೆ ಫೀ ಕಟ್ಟುವವರಾರು? ಅವನ ಹೆಸರು ಪಟ್ಟಿಯಿಂದ ಮೌನವಾಗಿ ಹೋಯಿತು. ಅನುದಾನದ ಶಾಲೆಯ ಹೆಡ್‌ಮಾಸ್ತರರ ಪಾಡು ಇಕ್ಕಟ್ಟಿನದು. ಹುಡುಗರು ಖಾದಿ ಟೋಪಿ ಹಾಕಿ ಬಂದರೆ ನೋಡಿಯೂ ನೋಡದಂತಿರಬಹುದು. ಪ್ರಭಾತಫೇರಿಗೆ ಹೋದರೆ ಇನ್‌ಸ್ಪೆಕ್ಟರರಿಗೆ ಉತ್ತರ ಕೊಡಬೇಕು. ಶಿಕ್ಷಕನ ಮಾತಿಗೆ ಬೆಲೆ ಎಷ್ಟೆಂಬುದಕ್ಕೆ ಧಾರವಾಡದ ದ. ರಾ. ಬೇಂದ್ರೆಯವರ ಉದಾಹರಣೆ ಎಲ್ಲರ ಕಣ್ಣ ಮುಂದೆಯಿದ್ದಿತು: 'ನರಬಲಿ' ಎಂಬ ಕವಿತೆಗಾಗಿ ಸೆರೆಮನೆ, ಅದರ ಬೆನ್ನಿಗೆ ವರುಷಗಟ್ಟಲೆ ನಿರುದ್ಯೋಗ. ಹೆಡ್‌ಮಾಸ್ತರರನ್ನು ಹೇಡಿಗಳೆಂದು ಕರೆಯುವದು ಸುಲಭ. ಅನುದಾನ ನಿಂತರೆ ನೂರಾರು ಹುಡುಗರ ಓದು ನಿಲ್ಲುತ್ತಿತ್ತೆಂಬುದನ್ನು ಮರೆಯಲಾಗದು. 1937ರಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲ ಬಂದಾಗ ಈ ಉಸಿರುಕಟ್ಟು ಸಡಿಲಾಯಿತು. 1938ರ ಕಾಯದೆಯಿಂದ ಜಪ್ತಿಯಾದ ಜಮೀನುಗಳು ಮರಳಿ ಬರುವ ದಾರಿಯೂ ತೆರೆಯಿತು. ಕಳೆದುಹೋದ ಶಾಲಾವರುಷಗಳನ್ನು ಮರಳಿಸುವ ಕಾಯದೆ ಯಾವದೂ ಇರಲಿಲ್ಲ.

ಏಳನೆಯ ಇಯತ್ತೆಯವರು ಶಾಲೆಯಲ್ಲಿ ಅರ್ಧ ಮಾಸ್ತರರು. ಗಡ್ಡ ಮೀಸೆ ಮೂಡಿದವರು. 1930ರ ಏಪ್ರಿಲಿನಿಂದ ಶಾರದಾ ಕಾಯದೆ ಜಾರಿಗೆ ಬಂದಿದ್ದರೂ ಅದಕ್ಕೆ ಮುಂಚೆಯೇ ಮದುವೆಯಾಗಿದ್ದವರು ಕೆಲವರಿದ್ದರು. ಫೆಬ್ರುವರಿಯ ಸುಮಾರಿಗೆ ಬೀಳ್ಕೊಡುವ ಸಮಾರಂಭ: ಅವಲಕ್ಕಿ, ಬಾಳೆಹಣ್ಣು, ಹಾರ, ಭಾಷಣ. ಬಳಿಕ ಗ್ರೂಪ್ ಫೋಟೋ. ಮಾಸ್ತರರು ಕುರ್ಚಿಗಳ ಮೇಲೆ, ಹುಡುಗರು ಹಿಂದೆ ಬೆಂಚು ಹತ್ತಿ. ಅಂಥ ಹಳೆಯ ಫೋಟೋಗಳು ಜಿಲ್ಲೆಯ ಅನೇಕ ಮನೆಗಳ ಗೋಡೆಯ ಮೇಲೆ ಬಹುಕಾಲ ಇದ್ದವು. ಲಕ್ಷ್ಯವಿಟ್ಟು ನೋಡಿದರೆ ಕೆಲವರ ಕೋಟಿನ ತೋಳು ಗಿಡ್ಡ, ಕೆಲವರದು ಉದ್ದ. ಎರವಲು ಕೋಟೆಂದು ತಿಳಿಯುವದು.

ಮೆಟ್ರಿಕ್ಯುಲೇಶನ್ನಿನ ಗಾಳಿಸುವಿಕೆ ಕಠಿಣವಾದದ್ದು. ಕೂತವರಲ್ಲಿ ಬಹಳ ಮಂದಿ ಉರುಳುತ್ತಿದ್ದರು. ಇಂಗ್ಲಿಷ್, ಗಣಿತ ಇವೆರಡೂ ಹಳ್ಳಿಯ ಹುಡುಗರಿಗೆ ಯಮಪಾಶ. ತೇರ್ಗಡೆಯಾದವನಿಗಾದರೂ ದಾರಿ ನೇರವಾಗಿರಲಿಲ್ಲ. ಜಿಲ್ಲೆಯಲ್ಲಿ ಆಗ ಒಂದೂ ಕಾಲೇಜಿಲ್ಲ. 1917ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ಕಾಲೇಜು, 1919ರ ಸಾಂಗಲಿಯ ವಿಲಿಂಗ್ಡನ್ ಕಾಲೇಜು, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಇವೇ ಹತ್ತಿರದವು. ಅಲ್ಲಿಗೆ ಹೋಗಲು ಮತ್ತೆ ಬಂಗಾರ ಬೇಕು. ಬಹುಜನರು ಮುಂಬಯಿಯ ಆಗಬೋಟಿಯನ್ನು ಹತ್ತಿದರು. ಮಳೆಗಾಲದಲ್ಲಿ ಬೋಟು ಬಂದ್. ದಸರೆಯ ಹೊತ್ತಿಗೆ ಕಡಲು ಶಾಂತವಾದಾಗ ಟೈಪಿಂಗು ಕಲಿತೇನೆಂಬ ಆಸೆಯಿಂದ ಹೊರಟವರು ಗಿರಗಾವಿನ ಚಾಳುಗಳಲ್ಲಿ ಊರವರ ಖೋಲಿಯ ಮೂಲೆಯಲ್ಲಿ ಹಾಸಿಗೆ ಬಿಚ್ಚಿದರು. ಅಲ್ಲಿಯೂ ಮಂದಗತಿಯೇ, ಗಿರಣಿ ಕಚೇರಿಗಳಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದ ಕಾಲ. ಒಂದು ಕಾರಕೂನಿಗೆ ಪದವೀಧರರೂ ಅರ್ಜಿ ಹಾಕುತ್ತಿದ್ದಾಗ ಮೆಟ್ರಿಕ್ ಪಾಸಾದವನ ಪಾಡೇನು? ಊರಿಗೆ ಮನಿ ಆರ್ಡರು ಬರಲು ವರುಷವೆರಡು ವರುಷ ಹಿಡಿದ ಮನೆಗಳಲ್ಲಿ ಒತ್ತೆಯಿಟ್ಟ ಬಳೆ ತಿರುಗಿ ಬರಲಿಲ್ಲ.

ಈ ಶಾಲೆಗಳ ಬೆಳೆಯು ಹುಸಿಯಾಗಲಿಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ ಹನೇಹಳ್ಳಿಯ ಒಂದು ಮನೆಯನ್ನು ನೋಡಬಹುದು. 1923ರಲ್ಲಿ ಹುಟ್ಟಿದ ಗಂಗಾಧರ ಚಿತ್ತಾಲರು ಗಿಬ್ ಹೈಸ್ಕೂಲಿನಲ್ಲಿ ಓದಿ, 1940ರ ಮೆಟ್ರಿಕ್ಯುಲೇಶನ್ನಿನಲ್ಲಿ ಇಡೀ ಮುಂಬಯಿ ಇಲಾಖೆಗೆ ಮೊದಲಿಗರಾದರು. ಸಿಂಧದಿಂದ ಕಾನಡೆಯ ವರೆಗೆ ಹಬ್ಬಿದ್ದ ವಿಶ್ವವಿದ್ಯಾಲಯದಲ್ಲಿ, ಪುಣೆ ಮುಂಬಯಿಗಳ ಸಾವಿರಾರು ಹುಡುಗರ ಮುಂದೆ, ತಾರಿ ದಾಟಿ ಬಂದ ಹುಡುಗನ ಹೆಸರು! ಮುಂದೆ ಅವರು ಸರಕಾರದ ಲೆಕ್ಕಪತ್ರ ಸೇವೆಯಲ್ಲಿ ಉನ್ನತ ಸ್ಥಾನಕ್ಕೇರಿದರು, ಕನ್ನಡದ ಗಣ್ಯ ಕವಿಯಾದರು. ಅವರ ತಮ್ಮ ಯಶವಂತ ಚಿತ್ತಾಲರು ಅದೇ ಶಾಲೆಯಲ್ಲಿ ಕಲಿತು 1944ರಲ್ಲಿ ಮೆಟ್ರಿಕ್ ಮುಗಿಸಿ, ಹನೇಹಳ್ಳಿಯನ್ನು ಕನ್ನಡ ಕಥಾಲೋಕದ ಊರನ್ನಾಗಿ ಮಾಡಿದರು. ಅವರ ಹಳ್ಳಿಯ ಪಕ್ಕದ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ ಗೋಕರ್ಣದ ಗೌರೀಶ ಕಾಯ್ಕಿಣಿಯವರು ದಶಕಗಟ್ಟಲೆ ಅಧ್ಯಾಪಕರಾಗಿದ್ದರು. ಪ್ರಾಂತದ ಯಾವ ಕಾಲೇಜಿನಲ್ಲಿದ್ದರೂ ಶೋಭಿಸಬಹುದಾಗಿದ್ದ ವಿದ್ವತ್ತು ಒಂದು ಹಳ್ಳಿಯ ಹೈಸ್ಕೂಲಿಗೆ ದಕ್ಕಿದ್ದು ಅಲ್ಲಿಯ ಮಕ್ಕಳ ಭಾಗ್ಯ.

ಹೆಸರು ಬಂದವರ ಮಾತು ಇಷ್ಟಾಯಿತು. ಐದನೆಯದರಲ್ಲಿಯೋ ಆರನೆಯದರಲ್ಲಿಯೋ ಶಾಲೆ ಬಿಟ್ಟು, ಕೊಡೆ ಟ್ರಂಕುಗಳೊಡನೆ ಕತಗಾಲದ ದಾರಿ ಹಿಡಿದು ಮರಳಿದವರ ಸಂಖ್ಯೆಯೇ ಹೆಚ್ಚಿನದು. ಅವರು ತೋಟಕ್ಕೆ ಸೊಪ್ಪು ಹೊತ್ತರು, ಗದ್ದೆ ಉತ್ತರು. ಸಂಜೆಗೆ ಜಗಲಿಯಲ್ಲಿ ಕೂತು ಊರವರಿಗೆ ಪತ್ರಿಕೆ ಓದಿ ಹೇಳಿದರು, ಕೋರ್ಟಿನ ಸಮನ್ಸಿನ ಇಂಗ್ಲಿಷನ್ನು ಬಿಡಿಸಿದರು, ಗೇಣಿಯ ಪಾವತಿಯಲ್ಲಿ ಒಡೆಯ ಬರೆದ ಅಂಕಿಯನ್ನು ಕೂಡಿಸಿ ನೋಡಿದರು. ದಶಕದ ಕೊನೆಗೆ ಅಂಕೋಲೆಯ ಕಡೆಯಿಂದ ದಿನಕರ ದೇಸಾಯಿಯವರು ರೈತರನ್ನು ಕೂಡಿಸತೊಡಗಿದಾಗ ಸಭೆಯ ಕರಪತ್ರವನ್ನು ಓದಬಲ್ಲವನೊಬ್ಬನು ಹಳ್ಳಿ ಹಳ್ಳಿಗೆ ಬೇಕಾಗಿದ್ದನು. ನಪಾಸಾದ ಹುಡುಗರು ಆ ಕೆಲಸಕ್ಕೆ ಒದಗಿದರು. ದೇಸಾಯಿಯವರನ್ನು ಸರಕಾರವು 1940ರಲ್ಲಿ ಜಿಲ್ಲೆಯಿಂದ ಗಡೀಪಾರು ಮಾಡಿತು. ಮರಳಿ ಬಂದ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ, ಪೇಟೆಯ ಹೈಸ್ಕೂಲಿಗೆ ಬರಲಾಗದಿದ್ದ ರೈತರ ಮಕ್ಕಳಿಗಾಗಿ ಹಳ್ಳಿಗಳಲ್ಲಿಯೇ ಹೈಸ್ಕೂಲುಗಳನ್ನು ತೆರೆಯತೊಡಗಿದರು. ಆ ಹುಡುಗರು ಮಧ್ಯಾಹ್ನದ ಊಟಕ್ಕೆ ತಮ್ಮ ಮನೆಗೇ ಹೋಗಿ ಬರುತ್ತಿದ್ದರು.